ಕನ್ವೇಯರ್ ಬೆಲ್ಟ್ ಜಾಯಿಂಟ್ ಮತ್ತೆ ಮತ್ತೆ ಬಿಡ್ತಿದೆಯಾ? ಆಯ್ಕೆ, ಅಳತೆ, ಅಂಟು, ಆರೈಕೆ: ಹಂತ ಹಂತದ ಮಾರ್ಗದರ್ಶಿ

ಬೆಂಗಳೂರು ಸುತ್ತಿನ ಪೀಣ್ಯ, ಜಿಗಣಿ, ಬೊಮ್ಮಸಂದ್ರ, ಬಿಡದಿ ಕಡೆಯ ಕಾರ್ಖಾನೆಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸಾರ್, ಹೋದ ತಿಂಗಳು ತಾನೇ ಜಾಯಿಂಟ್ ಹಾಕಿಸಿದ್ವಿ, ಮತ್ತೆ ಬಿಟ್ಟಿದೆ. ಯಾವ ಸಲ್ಯೂಷನ್ ಒಳ್ಳೇದು ಹೇಳಿ." ಜಾಯಿಂಟ್ ಅಂದರೆ ಬೆಲ್ಟಿನ ಎರಡು ತುದಿ ಕೂಡುವ ಜಾಗ, ಸಲ್ಯೂಷನ್ ಅಂದರೆ ಅದನ್ನು ಕೂಡಿಸುವ ಅಂಟು. ಹೋಗಿ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ತಪ್ಪು ಸಲ್ಯೂಷನ್ ಡಬ್ಬಿಯಲ್ಲಿ ಇರುವುದೇ ಇಲ್ಲ. ಬೆಲ್ಟಿಗೆ ಮೂಲೆಮಟ್ಟ ಹಿಡಿದ ರೀತಿಯಲ್ಲಿ, ಚಾಕು ಇಳಿದ ಆಳದಲ್ಲಿ, ಒಣಗಲು ಬಿಡದ ಹತ್ತು ನಿಮಿಷದಲ್ಲಿ ಇರುತ್ತದೆ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಬೇಡಿ.

ಹಂತ 1: ನಿಲ್ಲಿಸಿ, ಬೀಗ ಹಾಕಿ, ಬೆಲ್ಟನ್ನು ಕಟ್ಟಿ

ಸ್ಟಾಪ್ ಬಟನ್ ಒತ್ತಿದರೆ ಸಾಲದು. ಪ್ಯಾನೆಲ್‌ನಲ್ಲಿ ಮೇನ್ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ. ಕೀಲಿ ಜಾಯಿಂಟ್ ಮಾಡುವವರ ಜೇಬಿನಲ್ಲೇ ಇರಲಿ. ಆಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ, ಓಡುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇಳಿಜಾರು ಕನ್ವೇಯರ್ ಆದರೆ ಕರೆಂಟ್ ಇಲ್ಲದೆಯೂ ಬೆಲ್ಟ್ ಹಿಂದಕ್ಕೆ ಜಾರುತ್ತದೆ. ಮೇಲಿರುವ ಮಾಲು ಪೂರ್ತಿ ಇಳಿಸಿ. ಕತ್ತರಿಸುವ ಜಾಗದ ಎರಡೂ ಕಡೆ ಕ್ಲ್ಯಾಂಪ್ ಹಾಕಿ ಫ್ರೇಮಿಗೆ ಬಿಗಿಯಿರಿ. ತೂಕದ ಟೇಕಪ್ (ಬೆಲ್ಟನ್ನು ಬಿಗಿಯಾಗಿ ಇಡುವ ವ್ಯವಸ್ಥೆ) ಇದ್ದರೆ ಆ ತೂಕವನ್ನು ಚೈನ್ ಪುಲ್ಲಿಯಿಂದ ಎತ್ತಿ ಕಟ್ಟಿ. ಬಿಗಿ ಇರುವ ಬೆಲ್ಟಿಗೆ ಚಾಕು ಹಾಕಿದರೆ ತುದಿ ಚಾಟಿಯ ಹಾಗೆ ಬಂದು ಹೊಡೆಯುತ್ತದೆ. ಇದರಲ್ಲಿ ಮಾತ್ರ ಯಾರೂ ಅವಸರ ಮಾಡಬೇಡಿ.

ಹಂತ 2: ಹಳೆ ಜಾಯಿಂಟ್ ಎಸೆಯುವ ಮುನ್ನ ಅದನ್ನು ಓದಿ

ಬಿಟ್ಟುಹೋದ ಜಾಯಿಂಟ್ ತನ್ನ ಕಾರಣವನ್ನು ತಾನೇ ತೋರಿಸುತ್ತದೆ. ಎಲ್ಲರೂ ಅದನ್ನು ಕತ್ತರಿಸಿ ಮೂಲೆಗೆ ಬಿಸಾಕುತ್ತಾರೆ. ಹಾಗೆ ಮಾಡದೆ ಬೆಳಕಿಗೆ ಹಿಡಿದು ಐದು ನಿಮಿಷ ನೋಡಿ.

ಅಂಟು ನುಣ್ಣಗೆ, ಹೊಳೆಯುತ್ತಾ ಎದ್ದು ಬಂದಿದ್ದರೆ ಬಫಿಂಗ್ (ಅಂಟು ಹಿಡಿಯಲು ಮೈಯನ್ನು ಒರಟಾಗಿ ಉಜ್ಜುವುದು) ಸರಿಯಾಗಿಲ್ಲ, ಇಲ್ಲವೇ ಧೂಳು ಅಥವಾ ಎಣ್ಣೆ ಸೇರಿದೆ. ಅಂಟು ಇನ್ನೂ ಮೆತ್ತಗಿದ್ದು ಬೆರಳಿಗೆ ಹತ್ತುತ್ತಿದ್ದರೆ ಒಣಗುವ ಮೊದಲೇ ಕೂಡಿಸಿದ್ದಾರೆ, ಇಲ್ಲವೇ ಅಂಟನ್ನು ಗಟ್ಟಿ ಮಾಡುವ ಹಾರ್ಡನರ್ ಕಡಿಮೆ ಬಿದ್ದಿದೆ. ಪ್ರೆಸ್ಸಿನಲ್ಲಿ ಬೇಯಿಸಿದ ಹಾಟ್ ಜಾಯಿಂಟ್‌ನ ರಬ್ಬರ್ ಸ್ಪಂಜಿನ ಹಾಗೆ ತೂತುತೂತಾಗಿದ್ದರೆ ಒತ್ತಡ ಸಾಲದೆ ಹೋಗಿದೆ ಅಥವಾ ಒಳಗೆ ತೇವ ಇತ್ತು.

ಅಂಟಿಸುವ ಜಾಯಿಂಟ್‌ನಲ್ಲಿ ಎರಡೂ ತುದಿಯ ಪದರಗಳನ್ನು ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದರ ಮೇಲೊಂದು ಕೂರಿಸುತ್ತಾರೆ. ಬಟ್ಟೆಯ ಪದರ, ಅಂದರೆ ಪ್ಲೈ, ಈ ಮೆಟ್ಟಿಲಿನ ಅಂಚಿನಲ್ಲೇ ನೇರ ಗೆರೆಯಾಗಿ ಹರಿದಿದೆಯಾ? ಹಾಗಿದ್ದರೆ ಮೇಲಿನ ಪ್ಲೈ ಕತ್ತರಿಸುವಾಗ ಚಾಕು ಕೆಳಗಿನ ಪ್ಲೈಗೂ ಇಳಿದಿದೆ. ನಾನು ನೋಡಿದ ತಪ್ಪುಗಳಲ್ಲಿ ಇದೇ ಜಾಸ್ತಿ. ಅಂಟು ಎಷ್ಟೇ ಒಳ್ಳೇದಿದ್ದರೂ ಕತ್ತರಿಸಿದ ನೂಲು ಮತ್ತೆ ಕೂಡುವುದಿಲ್ಲ.

ಒಂದು ಕಡೆಯ ಅಂಚು ಮಾತ್ರ ಬಾಯಿ ಬಿಟ್ಟಿದ್ದರೆ ಜಾಯಿಂಟ್ ಓರೆಯಾಗಿ ಕೂತಿದೆ. ಎಳೆತವೆಲ್ಲ ಒಂದೇ ಬದಿಗೆ ಬಿದ್ದಿದೆ. ಅಂಥ ಕಡೆ ಅದೇ ಅಳತೆಯಲ್ಲಿ ಮತ್ತೊಂದು ಜಾಯಿಂಟ್ ಹಾಕಿದರೆ ಅದೂ ಬಿಡುತ್ತದೆ.

ಹಂತ 3: ಬೆಲ್ಟ್ ಮತ್ತು ಕನ್ವೇಯರ್‌ನ ವಿವರ ಬರೆದುಕೊಳ್ಳಿ

ಬೆಲ್ಟಿನ ಮೇಲೆ ಇಪಿ 400/3 ಅಂತ ಇದ್ದರೆ, ಅದು ಪಾಲಿಯೆಸ್ಟರ್ ಮತ್ತು ನೈಲಾನ್ ನೂಲಿನ 3 ಪ್ಲೈ ಬೆಲ್ಟ್, ಒಂದು ಮಿ.ಮೀ. ಅಗಲಕ್ಕೆ 400 ನ್ಯೂಟನ್ ಎಳೆದರೆ ಹರಿಯುತ್ತದೆ ಅಂತ ಅರ್ಥ. ಐಎಸ್ 1891 ಎಂಬ ಭಾರತೀಯ ಮಾನದಂಡದ ಪ್ರಕಾರ ಮಾಡಿದ ಬೆಲ್ಟಿನಲ್ಲಿ ಎಂ24, ಎನ್17 ಅಂತ ಕವರ್ (ಮೇಲೆ, ಕೆಳಗೆ ಹೊದಿಸಿದ ರಬ್ಬರ್) ದರ್ಜೆಯೂ ಇರುತ್ತದೆ.

ಅದರ ಜೊತೆ ಇವು ಬೇಕು: ಬೆಲ್ಟಿನ ಅಗಲ, ಈಗಿರುವ ದಪ್ಪ (ಸವೆದ ಬೆಲ್ಟ್ ಆದರೆ ಹೊಸದರ ದಪ್ಪ ಬರೆಯಬೇಡಿ), ಲೈನ್‌ನಲ್ಲಿರುವ ಅತಿ ಚಿಕ್ಕ ಪುಲ್ಲಿಯ ವ್ಯಾಸ, ಸಾಗುವ ಮಾಲು, ಬೆಲ್ಟಿಗೆ ಮೆತ್ತಿದ ಮಾಲು ಕೆರೆಯುವ ಸ್ಕ್ರೇಪರ್ ಬ್ಲೇಡ್ ಲೋಹದ್ದೋ ಪಾಲಿಯುರೆಥೇನ್‌ನದ್ದೋ, ಟೇಕಪ್‌ನಲ್ಲಿ ಇನ್ನೆಷ್ಟು ಜಾಗ ಉಳಿದಿದೆ. ಚಿಕ್ಕ ಪುಲ್ಲಿ ಹುಡುಕುವಾಗ ಮಾಲು ಬೀಳುವ ತುದಿಯ ಹೆಡ್ ಪುಲ್ಲಿ ಒಂದನ್ನೇ ನೋಡಬೇಡಿ. ಬೆಲ್ಟ್ ಎಲ್ಲೆಲ್ಲಿ ಬಗ್ಗುತ್ತದೋ ಅಲ್ಲೆಲ್ಲ ಅಳೆಯಿರಿ. ಹಿಂದಿನ ತುದಿಯ ಟೇಲ್ ಪುಲ್ಲಿ, ಬೆಲ್ಟನ್ನು ದೊಡ್ಡ ಪುಲ್ಲಿಗೆ ಹೆಚ್ಚು ಸುತ್ತಿಸುವ ಸಣ್ಣ ಸ್ನಬ್ ಪುಲ್ಲಿ ಇವನ್ನು ಮರೆಯುವವರೇ ಹೆಚ್ಚು.

ಹಂತ 4: ಯಾವ ಜಾಯಿಂಟ್ ಅಂತ ತೀರ್ಮಾನಿಸಿ

*ಲೋಹದ ಫಾಸ್ಟನರ್.* ಪ್ಲೇಟ್ ಮತ್ತು ಬೋಲ್ಟಿನದು ಒಂದು ಬಗೆ, ನಡುವೆ ಪಿನ್ ಹಾಯುವ ಹಿಂಜ್ ಬಗೆ ಇನ್ನೊಂದು. ಒಂದೆರಡು ಗಂಟೆಯಲ್ಲಿ ಲೈನ್ ಓಡಬೇಕಾದರೆ, ಬೆಲ್ಟ್ ಪೂರ್ತಿ ಸವೆದಿದ್ದರೆ, ಟೇಕಪ್‌ನಲ್ಲಿ ಜಾಗವೇ ಇಲ್ಲದಿದ್ದರೆ ಇದು ಸರಿ. ಎಂ-ಸ್ಯಾಂಡ್, ಸಿಮೆಂಟ್‌ನಂಥ ನುಣ್ಣನೆ ಮಾಲಿಗೆ ಶಾಶ್ವತವಾಗಿ ಬೇಡ. ಸಂದಿಯಿಂದ ಪುಡಿ ಸೋರಿ ಕೆಳಗಿನ ರೋಲರ್‌ಗಳನ್ನು ತಿನ್ನುತ್ತದೆ. ತಿಂಡಿ ಪ್ಯಾಕಿಂಗ್ ಲೈನ್‌ಗಂತೂ ಬೇಡವೇ ಬೇಡ. ಕಳಚಿದ ಒಂದು ಬೋಲ್ಟ್ ತುಂಡು ಯಾರ ತಟ್ಟೆಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಮೆಟಲ್ ಡಿಟೆಕ್ಟರ್ ಇರುವ ಲೈನ್‌ನಲ್ಲೂ ಇದು ತೊಂದರೆ ಕೊಡುತ್ತದೆ.

*ಕೋಲ್ಡ್ ಜಾಯಿಂಟ್.* ಸಲ್ಯೂಷನ್‌ನಿಂದ ಅಂಟಿಸುವುದು. ಕ್ರಷರ್, ರೆಡಿಮಿಕ್ಸ್ ಪ್ಲಾಂಟ್‌ಗಳ 3, 4 ಪ್ಲೈ ರಬ್ಬರ್ ಬೆಲ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಪ್ರೆಸ್ ಬೇಡ. ಆದರೆ ಧೂಳು, ತೇವ ಎರಡನ್ನೂ ಇದು ಸಹಿಸುವುದಿಲ್ಲ. ಬಿಸಿ ಮಾಲು ಸಾಗುವ ಬೆಲ್ಟಿಗೆ ಬೇಡ.

*ಹಾಟ್ ಜಾಯಿಂಟ್.* ಪ್ರೆಸ್ಸಿನಲ್ಲಿ ಬೇಯಿಸಿ ರಬ್ಬರನ್ನು ಒಂದು ಮಾಡುವುದು. ಉದ್ದದ ಬೆಲ್ಟ್, ಹೆಚ್ಚು ಎಳೆತ, ಬಿಸಿ ಮಾಲು, ಒಳಗೆ ಉಕ್ಕಿನ ಹಗ್ಗ ಇರುವ ಸ್ಟೀಲ್ ಕಾರ್ಡ್ ಬೆಲ್ಟ್ ಇದ್ದರೆ ಇದೇ ಬೇಕು.

*ಫಿಂಗರ್ ಜಾಯಿಂಟ್.* ಪ್ಯಾಕಿಂಗ್ ಲೈನ್, ಗೋದಾಮುಗಳಲ್ಲಿ ಕಾಣುವ ತೆಳು ಪಿವಿಸಿ, ಪಿಯು ಬೆಲ್ಟಿಗೆ. ತುದಿಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಕರಗಿಸುತ್ತಾರೆ. ಈ ಬೆಲ್ಟಿಗೆ ರಬ್ಬರ್ ಸಲ್ಯೂಷನ್ ಹಚ್ಚಿ ಪ್ರಯೋಜನ ಇಲ್ಲ.

ಬಲದ ಬಗ್ಗೆ ಒಂದು ಲೆಕ್ಕ ತಿಳಿದಿರಲಿ. ಮೆಟ್ಟಿಲು ಕತ್ತರಿಸಿ ಮಾಡುವ ಜಾಯಿಂಟ್‌ನಲ್ಲಿ ಒಂದು ಪ್ಲೈಯ ಬಲ ಹೋಗುತ್ತದೆ. 4 ಪ್ಲೈ ಬೆಲ್ಟಿನಲ್ಲಿ ಮೂರು ಪ್ಲೈಯ ಬಲ ಉಳಿಯುತ್ತದೆ, ಅಂದರೆ ಶೇ. 75. 3 ಪ್ಲೈ ಆದರೆ ಶೇ. 67. 2 ಪ್ಲೈ ಆದರೆ ಅರ್ಧ. ಹಾಗಾಗಿ 2 ಪ್ಲೈ ಬೆಲ್ಟನ್ನು ಹೆಚ್ಚು ಎಳೆತದ ಲೈನಿಗೆ ಹಾಕಿ, ಮಾಮೂಲಿ ಮೆಟ್ಟಿಲು ಜಾಯಿಂಟ್ ಮಾಡಿಸಿ, ಆಮೇಲೆ ಸಲ್ಯೂಷನ್‌ಗೆ ಬೈಯುವುದು ನ್ಯಾಯವಲ್ಲ.

ಹಂತ 5: ಸಾಮಾನು ಮೊದಲೇ ಕೈಗೆ ಸಿಗುವಂತಿರಲಿ

ಟೇಪು, ದೊಡ್ಡ ಮೂಲೆಮಟ್ಟ, ದಾರ, ಬಿಳಿ ಪೆನ್ಸಿಲ್, ಆಳ ಹೊಂದಿಸಬಹುದಾದ ಪ್ಲೈ ಚಾಕು, ಪ್ಲೈ ಎಳೆಯುವ ಇಕ್ಕಳ, ಕಡಿಮೆ ವೇಗದ ಬಫಿಂಗ್ ಮೆಷಿನ್, ಒಣ ಬ್ರಷ್, ಹಚ್ಚುವ ಬ್ರಷ್, ಹಲ್ಲಿರುವ ಸಣ್ಣ ರೋಲರ್, ರಬ್ಬರ್ ಸುತ್ತಿಗೆ, ಬೆಲ್ಟ್ ಕ್ಲ್ಯಾಂಪ್, ಚೈನ್ ಪುಲ್ಲಿ. ಕೆಲಸಕ್ಕೆ ಗಟ್ಟಿ ಹಲಗೆಯೊಂದು ಬೇಕು. ಬೆಲ್ಟನ್ನು ಹೊರುವ ರೋಲರ್‌ಗಳಾದ ಐಡ್ಲರ್‌ಗಳ ಮೇಲೆ ತೂಗಾಡುವ ಬೆಲ್ಟಿನಲ್ಲಿ ಅಳತೆ ಹಿಡಿಯಲು ಆಗುವುದಿಲ್ಲ.

ಸಲ್ಯೂಷನ್ ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಹಾಟ್ ಜಾಯಿಂಟ್‌ನ ಪದರಗಳ ನಡುವೆ ಇಟ್ಟು ಬೇಯಿಸುವ ಹಸಿ ರಬ್ಬರಿಗೂ ಆಯಸ್ಸಿದೆ. ತಗಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಬಿದ್ದಿದ್ದ ರಬ್ಬರ್ ಅಲ್ಲೇ ಅರ್ಧ ಬೆಂದಿರುತ್ತದೆ.

ಹಂತ 6: ಮೂಲೆಮಟ್ಟ ಹಿಡಿಯುವುದು

ಇಲ್ಲಿ ನಿಧಾನವಾಗಿ ಓದಿ. ಈ ಬರಹ ಬರೆಯಲು ಕೂತಿದ್ದೇ ಈ ಹಂತಕ್ಕಾಗಿ.

ಜಿಗಣಿ ಕಡೆಯ ಒಂದು ಕ್ರಷರ್‌ನಲ್ಲಿ ಒಂದೇ ಜಾಯಿಂಟ್ ಮೂರು ಸಲ ಬಿಟ್ಟಿತ್ತು. ಪ್ರತಿ ಸಲ ಬೇರೆ ಸಲ್ಯೂಷನ್. ಫಿಟ್ಟರ್ ಒಳ್ಳೆಯ ಕೈಯವರು, ಬಫಿಂಗ್ ಎಲ್ಲ ಚೊಕ್ಕ. ಆದರೆ ಬೆಲ್ಟಿನ ಒಂದು ಅಂಚು ಸ್ಟ್ರಕ್ಚರಿಗೆ ಉಜ್ಜಿ ಉಜ್ಜಿ ಅಂಕುಡೊಂಕಾಗಿ ಸವೆದಿತ್ತು. ಅವರು ಮೂಲೆಮಟ್ಟವನ್ನು ಆ ಅಂಚಿಗೇ ಒತ್ತಿಟ್ಟು ಗೆರೆ ಎಳೆಯುತ್ತಿದ್ದರು. ಗೆರೆ ಪ್ರತಿ ಸಲವೂ ಓರೆ.

ಅಂಚನ್ನು ನಂಬಬೇಡಿ. ನಡುಗೆರೆಯನ್ನು ನಂಬಿ. ಮಾಡುವುದು ಹೀಗೆ:

1. ಬೆಲ್ಟಿನ ತುದಿಯಿಂದ ಹಿಂದಕ್ಕೆ 300 ಮಿ.ಮೀ.ಗೊಂದರಂತೆ ಏಳು ಕಡೆ ಅಗಲ ಅಳೆದು ನಡುಬಿಂದು ಗುರುತಿಸಿ.

2. ದಾರ ಹಿಡಿದು ಈ ಬಿಂದುಗಳಲ್ಲಿ ಆದಷ್ಟು ಹೆಚ್ಚಿನವು ಸೇರುವಂತೆ ಒಂದು ನೇರ ಗೆರೆ ಹಾಕಿ. ಒಂದೆರಡು ಬಿಂದು ಆಚೀಚೆ ಆದರೆ ಚಿಂತೆಯಿಲ್ಲ, ಅಲ್ಲಿ ಅಂಚು ಸವೆದಿದೆ ಅಷ್ಟೇ.

3. ಈ ನಡುಗೆರೆಗೆ ಅಡ್ಡಗೆರೆ ಎಳೆಯಿರಿ. ಪಾಯ ಹಾಕುವಾಗ ಗಾರೆ ಮೇಸ್ತ್ರಿಗಳು 3-4-5 ಲೆಕ್ಕದಲ್ಲಿ ಮೂಲೆ ತೆಗೆಯುತ್ತಾರಲ್ಲ, ಅದೇ ಇಲ್ಲಿಗೂ ಸಾಕು. ನಡುಗೆರೆಯ ಮೇಲೆ 400 ಮಿ.ಮೀ., ಅಡ್ಡಕ್ಕೆ 300, ಓರೆಗೆ ಸರಿಯಾಗಿ 500 ಬರಬೇಕು. ಇನ್ನೊಂದು ಬದಿಗೂ ಇದೇ ಅಳತೆ ಹಿಡಿಯಿರಿ. ಎರಡೂ ಬದಿಯ ಗೆರೆ ಸೇರಿ ಒಂದೇ ನೇರವಾದರೆ ಮೂಲೆ ಸರಿ ಬಂತು.

4. ಬೆಲ್ಟಿನ ಇನ್ನೊಂದು ತುದಿಗೂ ಇಷ್ಟೂ ಮಾಡಿ. ಒಂದು ತುದಿ ಸರಿ ಮಾಡಿ ಇನ್ನೊಂದನ್ನು ಕಣ್ಣಳತೆಗೆ ಬಿಡುವವರಿದ್ದಾರೆ.

5. ಎರಡೂ ತುದಿ ಎದುರುಬದುರು ಇಟ್ಟ ಮೇಲೆ ಎರಡೂ ನಡುಗೆರೆ ಒಂದೇ ದಾರಕ್ಕೆ ಬರಬೇಕು. ಜಾಯಿಂಟ್‌ನ ಆಚೆ 1 ಮೀಟರ್, ಈಚೆ 1 ಮೀಟರ್ ದೂರದಲ್ಲಿ, ನಡುಗೆರೆಯಿಂದ ಎರಡೂ ಬದಿಗೆ ಸಮದೂರದಲ್ಲಿ ಗುರುತು ಹಾಕಿ. ಎರಡು ಓರೆ ಅಳತೆಯೂ ಸಮ ಬರಬೇಕು. ಬರದಿದ್ದರೆ ಅಂಟಿನ ಡಬ್ಬಿ ತೆರೆಯಬೇಡಿ.

ಅಂಟಿಸುವ ಜಾಯಿಂಟ್ ಆದರೆ ಕತ್ತರಿಸುವ ಗೆರೆ ನೇರ ಅಡ್ಡಕ್ಕಿರದೆ 22 ಡಿಗ್ರಿ ಓರೆಯಾಗಿರುವುದು ಒಳ್ಳೇದು. ಆಗ ಪುಲ್ಲಿಯ ಮೇಲೆ ಇಡೀ ಜಾಯಿಂಟ್ ಒಂದೇ ಏಟಿಗೆ ಬಗ್ಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಹತ್ತುತ್ತದೆ. ಕೋನಮಾಪಕ ಬೇಡ. ಬೆಲ್ಟಿನ ಅಗಲವನ್ನು 0.4ರಿಂದ ಗುಣಿಸಿ. 800 ಮಿ.ಮೀ. ಬೆಲ್ಟಿಗೆ ಒಂದು ಅಂಚು ಇನ್ನೊಂದಕ್ಕಿಂತ 320 ಮಿ.ಮೀ. ಹಿಂದೆ. ಮೊದಲು ನೇರ ಅಡ್ಡಗೆರೆ ಎಳೆದು, ಅದರಿಂದಲೇ ಈ ಓರೆ ಅಳೆಯಿರಿ.

ಹಂತ 7: ಜಾಯಿಂಟ್ ಹಾಕುವುದು

*ಫಾಸ್ಟನರ್ ಆದರೆ.* ಬೆಲ್ಟಿನ ದಪ್ಪ ಮತ್ತು ಚಿಕ್ಕ ಪುಲ್ಲಿ ಎರಡಕ್ಕೂ ಹೊಂದುವ ಸೈಜ್ ಇರಬೇಕು. ದೊಡ್ಡ ಸೈಜ್ ಗಟ್ಟಿ ಅಂತ ಚಿಕ್ಕ ಪುಲ್ಲಿಯ ಲೈನಿಗೆ ಹಾಕಿದರೆ ಪ್ಲೇಟು ಬಗ್ಗುವುದಿಲ್ಲ, ಬೆಲ್ಟನ್ನೇ ಹರಿಯುತ್ತದೆ. ಟೆಂಪ್ಲೇಟ್ ಇಟ್ಟು ತೂತು ಹಾಕಿ. ಅಂಚಿನಿಂದ ನಡುವಿಗೆ ಬರುತ್ತಾ, ಎಲ್ಲ ಬೋಲ್ಟನ್ನೂ ಒಂದೇ ಸಮ ಬಿಗಿಯಿರಿ. ಪ್ಲೇಟು ಕವರ್‌ನಲ್ಲಿ ಕಚ್ಚಿ ಕೂರಬೇಕು. ಅದರ ಸುತ್ತ ರಬ್ಬರ್ ಉಬ್ಬಿದರೆ ಬಿಗಿ ಅತಿಯಾಗಿದೆ. ಹೆಚ್ಚಾದ ಬೋಲ್ಟ್ ತುದಿ ಮುರಿದು ಉಜ್ಜಿಬಿಡಿ. ಜಾಯಿಂಟ್‌ನ ಹಿಂದಿನ ತುದಿಯ ಎರಡು ಮೂಲೆಗಳನ್ನು ಸ್ವಲ್ಪ ಓರೆಯಾಗಿ ಕತ್ತರಿಸಿ. ಇಲ್ಲದಿದ್ದರೆ ಅವು ಫ್ರೇಮಿಗೆ ಸಿಕ್ಕಿಕೊಳ್ಳುತ್ತವೆ. ಕೆಲವು ಗಂಟೆ ಓಡಿದ ಮೇಲೆ ಮತ್ತೆ ಬೀಗ ಹಾಕಿ, ಇನ್ನೊಮ್ಮೆ ಬಿಗಿಯಿರಿ. ಈ ಎರಡನೇ ಬಿಗಿಯನ್ನು ಬಿಟ್ಟಿದ್ದರಿಂದಲೇ ಎಷ್ಟೋ ಫಾಸ್ಟನರ್ ಕಿತ್ತು ಬಂದಿವೆ.

*ಕೋಲ್ಡ್ ಜಾಯಿಂಟ್ ಆದರೆ.* ಮೆಟ್ಟಿಲಿನ ಉದ್ದ ಬೆಲ್ಟಿನ ಬಲದ ಮೇಲೆ ಹೋಗುತ್ತದೆ. ಬೆಲ್ಟ್ ಕಂಪನಿಯ ಪಟ್ಟಿ ನೋಡಿ. ಚಾಕುವಿನ ಆಳ ಒಂದು ಪ್ಲೈಗಿಂತ ಕೂದಲೆಳೆಯಷ್ಟು ಕಡಿಮೆ ಇಡಿ. ಉಳಿದ ನೂಲು ಇಕ್ಕಳದಿಂದ ಎಳೆದಾಗ ತಾನೇ ಬರುತ್ತದೆ. ಎಳೆದ ಮೇಲೆ ಕೆಳಗಿನ ಪ್ಲೈಯಲ್ಲಿ ಗೀರು ಕಂಡರೆ ಸುಮ್ನೆ ಮುಂದುವರಿಯಬೇಡಿ. ಹಿಂದಕ್ಕೆ ಸರಿದು ಹೊಸ ಮೆಟ್ಟಿಲು ಕತ್ತರಿಸಿ. ಒಂದು ಗಂಟೆ ಹೋಗುತ್ತದೆ, ಹೋಗಲಿ.

ಬಫಿಂಗ್ ಹಗುರವಾಗಿರಲಿ. ಪ್ಲೈ ಮೇಲಿನ ರಬ್ಬರ್ ತೆಳುವಾಗಿ ಉಳಿದಿರಬೇಕು, ಬಿಳಿ ನೂಲು ಎದ್ದು ಕಾಣುವಷ್ಟು ಉಜ್ಜಿದರೆ ಬಲ ಹೋಯಿತು. ವೇಗ ಜಾಸ್ತಿಯಾಗಿ ರಬ್ಬರ್ ಕರಗಿ ಹೊಳೆದರೆ ಅಂಟು ಕೂರುವುದಿಲ್ಲ. ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಅದರ ಜೊತೆ ಎಣ್ಣೆ ಮತ್ತು ನೀರಿನ ಹನಿ ಬರುತ್ತದೆ. ಬಫಿಂಗ್ ಪೂರ್ತಿ ಮುಗಿದ ಮೇಲೆಯೇ ಸಲ್ಯೂಷನ್ ಡಬ್ಬಿ ತೆರೆಯಿರಿ. ಅದರ ಆವಿಗೆ ಒಂದು ಕಿಡಿ ಸಾಕು. ಬೀಡಿ, ವೆಲ್ಡಿಂಗ್, ಗ್ರೈಂಡಿಂಗ್ ಯಾವುದೂ ಹತ್ತಿರ ಬೇಡ, ಗಾಳಿ ಆಡುವ ಜಾಗ ಬೇಕು.

ಹಾರ್ಡನರ್ ಎಷ್ಟು ಅಂತ ಡಬ್ಬಿಯ ಮೇಲೆ ಇರುವಷ್ಟೇ ಹಾಕಿ. ಜಾಸ್ತಿ ಹಾಕಿದರೆ ಬೇಗ ಹಿಡಿಯುತ್ತದೆ ಅನ್ನುವುದು ತಪ್ಪು ನಂಬಿಕೆ, ಅಂಟು ಪೆಡಸಾಗುತ್ತದೆ. ಮೊದಲ ಕೋಟ್ ಪೂರ್ತಿ ಒಣಗಲಿ. ಎರಡನೇ ಕೋಟ್ ಹಚ್ಚಿ ಕಾಯಿರಿ. ಬೆರಳಿನ ಹಿಂಬದಿಯಿಂದ ಮುಟ್ಟಿದಾಗ ಅಂಟಬೇಕು, ಆದರೆ ಎಳೆ ಎಳೆಯಾಗಿ ಬರಬಾರದು. ಸೈಕಲ್ ಪಂಕ್ಚರ್ ಹಾಕುವವರು ಸಲ್ಯೂಷನ್ ಹಚ್ಚಿ ಊದುತ್ತಾ ಕಾಯುವುದು ಇದಕ್ಕೇ.

ಈಗ ನಡುಗೆರೆ ನಡುಗೆರೆಗೆ ಕೂರಿಸಿ. ಒಮ್ಮೆ ತಾಗಿತೆಂದರೆ ಎತ್ತಿ ಸರಿಸಲು ಆಗುವುದಿಲ್ಲ. ನಡುವಿನಿಂದ ಅಂಚಿಗೆ ರೋಲರ್ ಒತ್ತುತ್ತಾ ಗಾಳಿ ಹೊರದೂಡಿ, ಆಮೇಲೆ ಸುತ್ತಿಗೆಯಿಂದ ಅದೇ ಕ್ರಮದಲ್ಲಿ ಬಡಿಯಿರಿ.

ದಿಕ್ಕು ಮರೆಯಬೇಡಿ. ಮೇಲಿನ ಕವರ್‌ನ ಕೂಡುವ ತುದಿ, ಬೆಲ್ಟ್ ಓಡುವ ದಿಕ್ಕಿನಿಂದ ಹಿಂದಕ್ಕೆ ಮುಖ ಮಾಡಿರಬೇಕು. ಸ್ಕ್ರೇಪರ್ ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೆ ಸವರಿದ ಹಾಗೆ ದಾಟಬೇಕು. ತಿರುಗಾಮುರುಗಾ ಆದರೆ ಪ್ರತಿ ಸುತ್ತಿಗೂ ತುದಿಯನ್ನು ಎಬ್ಬಿಸುತ್ತದೆ.

ನಮ್ಮೂರಿನ ಮಳೆಗಾಲದ ಬಗ್ಗೆ ಒಂದು ಮಾತು. ಸಲ್ಯೂಷನ್ ಆವಿಯಾಗುವಾಗ ಬೆಲ್ಟಿನ ಮೈ ತಣ್ಣಗಾಗುತ್ತದೆ. ಜಡಿಮಳೆಯ ಸಂಜೆ ಆ ತಣ್ಣನೆ ಮೈಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂರುತ್ತದೆ. ಅದರ ಮೇಲೆ ಕೂಡಿಸಿದರೆ ಜಾಯಿಂಟ್ ನಿಲ್ಲುವುದಿಲ್ಲ. ಟಾರ್ಪಾಲಿನ್ ಕಟ್ಟಿದರೂ ಗಾಳಿಯ ತೇವ ಹೋಗದು. ಅಂಥ ದಿನ ಲೈನ್ ಓಡಲೇಬೇಕು ಅಂದರೆ ತಾತ್ಕಾಲಿಕವಾಗಿ ಫಾಸ್ಟನರ್ ಹಾಕಿ ಓಡಿಸಿ, ಬಿಸಿಲು ಬಂದ ದಿನ ಅಂಟಿಸಿ.

*ಹಾಟ್ ಜಾಯಿಂಟ್ ಆದರೆ.* ಮೆಟ್ಟಿಲು, ಬಫಿಂಗ್ ಎಲ್ಲ ಮೇಲಿನಂತೆಯೇ. ಸಾಮಾನ್ಯ ರಬ್ಬರ್ ಬೆಲ್ಟಿಗೆ 145 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಒತ್ತಡ ಚದರ ಸೆಂ.ಮೀ.ಗೆ 7 ಕೆ.ಜಿ. ಅಥವಾ ಹೆಚ್ಚು. ಎಷ್ಟು ಹೊತ್ತು ಅನ್ನುವುದು ಬೆಲ್ಟಿನ ದಪ್ಪದ ಮೇಲೆ. ಇಡ್ಲಿಗೆ ಹೊತ್ತು ಲೆಕ್ಕ ಹಾಕುವುದು ಹಬೆ ಬಂದ ಮೇಲೆ, ಒಲೆ ಹಚ್ಚಿದಾಗಿನಿಂದ ಅಲ್ಲ, ಅಲ್ವಾ? ಇಲ್ಲಿಯೂ ಮೇಲಿನ ಕೆಳಗಿನ ಎರಡೂ ಪ್ಲೇಟು ಆ ಬಿಸಿ ತಲುಪಿದ ಮೇಲೆ ಗಡಿಯಾರ ನೋಡಿ. ನಾಲ್ಕೂ ಮೂಲೆಯ ಬಿಸಿ ಅಳೆಯಿರಿ. ಬದಿಗೆ ಇಡುವ ಕಬ್ಬಿಣದ ಪಟ್ಟಿ ಬೆಲ್ಟಿಗಿಂತ ತುಸು ತೆಳುವಿರಲಿ. ದಪ್ಪ ಇದ್ದರೆ ಒತ್ತಡವೆಲ್ಲ ಪಟ್ಟಿಯ ಮೇಲೆ ಹೋಗಿ ಬೆಲ್ಟಿಗೆ ಸಿಗುವುದೇ ಇಲ್ಲ.

ಕರೆಂಟ್ ಹೋಗುವ ಜಾಗದಲ್ಲಿ ಜನರೇಟರ್ ಇಲ್ಲದೆ ಪ್ರೆಸ್ ಶುರು ಮಾಡಬೇಡಿ. ನಡುವೆ ಹೋದರೆ ಒತ್ತಡ ಇಳಿಸಬೇಡಿ, ಮುಂದೆ ಏನು ಅಂತ ರಬ್ಬರ್ ಕೊಟ್ಟವರನ್ನು ಕೇಳಿ. ಬೆಂದ ಮೇಲೂ ಒತ್ತಡದಲ್ಲೇ 60 ಡಿಗ್ರಿವರೆಗೆ ತಣಿಯಲು ಬಿಡಿ. ಬಿಸಿ ಇರುವಾಗಲೇ ತೆಗೆದರೆ ಒಳಗೆ ಗುಳ್ಳೆ ಏಳುತ್ತದೆ.

*ಪಿವಿಸಿ, ಪಿಯು ಬೆಲ್ಟ್.* ಇದನ್ನು ಆ ಪ್ರೆಸ್ ಇರುವವರಿಂದಲೇ ಮಾಡಿಸಿ. ನೀವು ನೋಡಬೇಕಾದ್ದು ಎರಡೇ. ಆ ಬೆಲ್ಟಿನದೇ ಬಿಸಿ, ಸಮಯದ ಚೀಟಿ ಅವರ ಕೈಯಲ್ಲಿದೆಯಾ? ಹಲ್ಲುಗಳ ನಡುವೆ ಸಂದಿ ಇಲ್ಲದೆ ಕೂತಿದೆಯಾ?

ಹಂತ 8: ಮೊದಲ ಓಟ

ಕೋಲ್ಡ್ ಜಾಯಿಂಟ್‌ಗೆ ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ಕೊಡಿ. ಮಾಲು ಲಾರಿಯಲ್ಲಿ ಕಾಯುತ್ತಿದೆ ಅಂತ ಅರ್ಧ ಹೊತ್ತಿಗೇ ಓಡಿಸಬೇಡಿ. ಟೇಕಪ್ ಬಿಗಿಯುವಾಗ ಡ್ರೈವ್ ಪುಲ್ಲಿ ಜಾರದಷ್ಟು ಸಾಕು. ಬೀಗ ತೆಗೆದು, ಎಲ್ಲರನ್ನೂ ದೂರ ಸರಿಸಿ, ಖಾಲಿ ಬೆಲ್ಟನ್ನೇ ಓಡಿಸಿ ಪೂರ್ತಿ ಕೆಲವು ಸುತ್ತು ನೋಡಿ.

ಬೆಲ್ಟ್ ಪಕ್ಕಕ್ಕೆ ಸರಿಯುತ್ತಿದ್ದರೆ ಹೀಗೆ ಕಂಡುಹಿಡಿಯಿರಿ. ಬೆಲ್ಟಿನ ಯಾವ ಭಾಗ ಬಂದರೂ ಕನ್ವೇಯರ್‌ನ ಒಂದೇ ಜಾಗದಲ್ಲಿ ಸರಿದರೆ ಅಲ್ಲಿನ ಐಡ್ಲರ್ ಅಥವಾ ಪುಲ್ಲಿ ಓರೆ. ಜಾಯಿಂಟ್ ಎಲ್ಲಿ ಹೋದರೂ ಅಲ್ಲೇ ಸರಿದರೆ ಜಾಯಿಂಟ್ ಓರೆ. ಎರಡನೆಯದಕ್ಕೆ ಐಡ್ಲರ್ ತಿರುಗಿಸಿ ಸರಿ ಮಾಡಲು ಹೊರಟರೆ ಇಡೀ ಲೈನ್ ಕೆಡುತ್ತದೆ. ಮತ್ತೆ ಕತ್ತರಿಸಿ ಹಾಕುವುದೊಂದೇ ದಾರಿ.

ಸರಿಯಾಗಿ ಓಡಿದರೆ ಮಾಲು ಸ್ವಲ್ಪ ಸ್ವಲ್ಪವಾಗಿ ಹಾಕಿ.

ಹಂತ 9: ನೋಡಿಕೊಳ್ಳುವುದು

ಜಾಯಿಂಟ್‌ನ ಆಚೆ ಈಚೆ ಬಿಳಿ ಬಣ್ಣದಲ್ಲಿ ಎರಡು ಅಡ್ಡಗೆರೆ ಹಾಕಿ, ನಡುವಿನ ದೂರ ಬರೆದಿಡಿ. ಪಕ್ಕದಲ್ಲಿ ತಾರೀಖು. ಮೊದಲ ದಿನ ಶಿಫ್ಟಿಗೊಮ್ಮೆ, ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬೆಲ್ಟ್ ನಿಲ್ಲಿಸಿ ಆ ದೂರ ಅಳೆಯಿರಿ. ಗೆರೆಗಳು ದೂರವಾಗುತ್ತಿದ್ದರೆ, ಅಥವಾ ಒಂದು ಬದಿಯಲ್ಲಿ ಮಾತ್ರ ಹಿಗ್ಗಿದ್ದರೆ, ಒಳಗೆ ಪದರ ಜಾರುತ್ತಿದೆ. ಮೇಲೆ ಏನೂ ಕಾಣದಿದ್ದರೂ ಲೈನ್ ನಿಲ್ಲಿಸಿ.

ಈ ಲಕ್ಷಣಗಳಿಗೂ ಕಣ್ಣು ಕಿವಿ ಕೊಡಿ:

- ಪುಲ್ಲಿಯಲ್ಲಿ ಬಗ್ಗುವಾಗ ಜಾಯಿಂಟ್‌ನ ತುದಿ ಬಾಯಿ ತೆರೆದು ಮುಚ್ಚುವುದು
- ಸ್ಕ್ರೇಪರ್ ಮೇಲೆ ಸುತ್ತಿಗೊಮ್ಮೆ ಹೊಸದಾಗಿ ಕೇಳುವ ಟಕ್ ಸದ್ದು
- ಕವರ್ ಮೇಲೆ ಉಬ್ಬು, ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು
- ಟೇಲ್ ಪುಲ್ಲಿಯ ಕೆಳಗೆ ಕರಿ ರಬ್ಬರ್ ಪುಡಿ, ನೂಲಿನ ಎಳೆ
- ಫಾಸ್ಟನರ್‌ನಲ್ಲಿ ಬೋಲ್ಟ್ ಕಾಣೆಯಾಗಿರುವುದು, ಹಿಂಜ್ ಪಿನ್ ಸವೆದು ಒಂದು ಬದಿಗೆ ಹೊರಬರುವುದು

ಕವರ್‌ನ ತುದಿ ಮಾತ್ರ ಎದ್ದಿದ್ದರೆ ಅಂದೇ ಬಫ್ ಮಾಡಿ ಅಂಟಿಸಿ. ಮಣ್ಣು ಒಳಗೆ ಹೊಕ್ಕ ಮೇಲೆ ಆ ರಿಪೇರಿ ಕೂರುವುದಿಲ್ಲ. ಪ್ಲೈ ಎದ್ದಿದ್ದರೆ ತೇಪೆ ಬೇಡ, ಹೊಸ ಜಾಯಿಂಟೇ ಬೇಕು. ಓಡುವ ಬೆಲ್ಟಿಗೆ ಕೈ ಹಾಕಿ ಯಾವುದನ್ನೂ ಪರೀಕ್ಷಿಸಬೇಡಿ.

ಜಾಯಿಂಟ್ ಚೆನ್ನಾಗಿದ್ದೂ ಬೇಗ ಸವೆಯುತ್ತಿದ್ದರೆ ಸುತ್ತಲಿನದನ್ನು ನೋಡಿ. ಸ್ಕ್ರೇಪರ್ ಅತಿ ಬಿಗಿ ಇರಬಹುದು, ರೋಲರ್ ಜಾಮ್ ಆಗಿರಬಹುದು, ಟೇಲ್ ಪುಲ್ಲಿಗೆ ಮಾಲು ಮೆತ್ತಿ ಗಡ್ಡೆ ಕಟ್ಟಿರಬಹುದು. ಬೆಲ್ಟ್ ಜಾರುತ್ತಿದೆ ಅಂತ ಟೇಕಪ್ಪನ್ನು ಬಿಗಿಯುತ್ತಲೇ ಹೋದರೆ ಆ ಭಾರವೆಲ್ಲ ಹೊರುವುದು ಜಾಯಿಂಟೇ. ಮೊದಲು ಡ್ರೈವ್ ಪುಲ್ಲಿಯ ಮೇಲಿನ ರಬ್ಬರ್ ಹೊದಿಕೆ ಸವೆದಿದೆಯಾ ನೋಡಿ.

ಪ್ಯಾನೆಲ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಕಟ್ಟಿಡಿ. ಪ್ರತಿ ಜಾಯಿಂಟ್‌ಗೆ ಒಂದು ಪುಟ: ಹಾಕಿದ ತಾರೀಖು, ಮಾಡಿದವರು, ಬಗೆ, ಅಂದಿನ ಹವೆ, ಸಲ್ಯೂಷನ್ ತಯಾರಾದ ತಿಂಗಳು, ಗೆರೆಗಳ ನಡುವಿನ ದೂರ. ಜೊತೆಗೆ ಆ ಬೆಲ್ಟಿನ ಸೈಜಿನದೇ ಒಂದು ಸೆಟ್ ಫಾಸ್ಟನರ್ ಮತ್ತು ಎರಡು ಹಿಂಜ್ ಪಿನ್ ಸ್ಟೋರ್‌ನಲ್ಲಿ ಸದಾ ಇರಲಿ. ಬೆಲ್ಟ್ ಹರಿಯುವುದು ಭಾನುವಾರ ರಾತ್ರಿಯಾದರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಂಗಡಿ ತೆರೆಯಲು ಬೆಳಗಿನವರೆಗೆ ಕಾಯಬೇಕು.